ಹುಚ್ಚು ಮೊದಲು, ಕ್ಯಾಮೆರಾ ಆಮೇಲೆ: ವೈನ್, ಕಂಬಳ, ಕಛೇರಿ ಫೋಟೋ ತೆಗೆಯೋದು ಹೇಗೆ

ನನ್ನ ಹೊಟ್ಟೆ ತುಂಬಿಸುವುದು ಮದುವೆ ಫೋಟೋ. ಧಾರೆ, ಆರತಕ್ಷತೆ, ಸಾಲಾಗಿ ನಿಂತ ನೆಂಟರು, ಆಮೇಲೆ ಆರು ತಿಂಗಳು "ಆಲ್ಬಂ ಯಾವಾಗ ಕೊಡ್ತೀರಿ" ಅನ್ನುವ ಫೋನು. ಇದರ ನಡುವೆ ನನ್ನ ತಲೆ ಸರಿಯಾಗಿ ಇಟ್ಟಿರುವುದು ಮೂರು ಹುಚ್ಚುಗಳು: ಒಂದು ಗ್ಲಾಸ್ ಒಳ್ಳೆ ವೈನ್, ಓಟದ ಆಟ ಯಾವುದಿದ್ದರೂ ಸರಿ, ಮತ್ತೆ ಸಂಗೀತ ಕಛೇರಿ. ಪಂಚಾಂಗವೂ ನನ್ನ ಪರವಾಗಿದೆ. ಧನುರ್ಮಾಸದಲ್ಲಿ ಮದುವೆ ಇಲ್ಲ, ಕಂಬಳ ಇದೆ.

"ಫೋಟೋಗ್ರಫಿ ಕಲಿಯಬೇಕು, ಏನು ತೆಗೆಯಲಿ?" ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ. ನಿಮಗೆ ಯಾವುದರ ಹುಚ್ಚಿದೆಯೋ ಅದನ್ನೇ ತೆಗೆಯಿರಿ. ಈಗಿನ ಕ್ಯಾಮೆರಾಗಳು ಸೆಕೆಂಡಿಗೆ 20 ಫೋಟೋ ಹೊಡೆಯುತ್ತವೆ, ಆದರೆ ಮುಂದಿನ ಸೆಕೆಂಡಿನಲ್ಲಿ ಏನಾಗುತ್ತದೆ ಅಂತ ಅದಕ್ಕೆ ಗೊತ್ತಿಲ್ಲ. ತಾಳ ಹಾಕಲು ಬರುವವನಿಗೆ ಗೊತ್ತು. ಕೋಣ ಎಲ್ಲಿ ತಲೆ ಎತ್ತುತ್ತದೆ ಅಂತ ನಾಲ್ಕು ಕಂಬಳ ನೋಡಿದವನಿಗೆ ಗೊತ್ತು.

ಸಾಮಾನಿನ ಬಗ್ಗೆ ಜಾಸ್ತಿ ಹೇಳಲ್ಲ. ಕೈಯಲ್ಲಿರುವ ಯಾವುದೋ ಒಂದು ಕ್ಯಾಮೆರಾ, 50 ಎಂಎಂ ಎಫ್ 1.8 ಲೆನ್ಸ್ (ಇದಕ್ಕಿಂತ ಅಗ್ಗದ ಒಳ್ಳೆ ಲೆನ್ಸ್ ಇಲ್ಲ), ಮತ್ತೆ ದೂರಕ್ಕೆ ಒಂದು 70-200 ಎಂಎಂ ಜೂಮ್ ಲೆನ್ಸ್. ಅದು ಇಲ್ಲದಿದ್ದರೆ ಬಾಡಿಗೆಗೆ ಸಿಗುತ್ತದೆ. ವೈನ್ ಫೋಟೋಗಂತೂ ಮೊಬೈಲೇ ಸಾಕು, ಅದಕ್ಕೇ ಅಲ್ಲಿಂದ ಶುರು ಮಾಡೋಣ.

ಅಡುಗೆಮನೆ ಕಿಟಕಿ, ಬಟರ್ ಪೇಪರ್, ಒಂದು ಗ್ಲಾಸ್

ಕೆಂಪು ವೈನ್ ಬಾಟಲಿಯನ್ನು ಸುಮ್ನೆ ಮೇಜಿನ ಮೇಲಿಟ್ಟು ಕ್ಲಿಕ್ ಮಾಡಿ ನೋಡಿ. ವೈನ್ ಕಪ್ಪಗೆ ಕಷಾಯದ ಹಾಗೆ ಕಾಣುತ್ತದೆ, ಗಾಜಿನ ಮೇಲೆ ಟ್ಯೂಬ್‌ಲೈಟ್, ಫ್ಯಾನು, ನಿಮ್ಮ ಮುಖ ಎಲ್ಲಾ ಬಂದಿರುತ್ತದೆ. ಗಾಜಿಗೆ ಎದುರಿನಿಂದ ಬೆಳಕು ಬಿಟ್ಟರೆ ಆಗುವುದೇ ಹೀಗೆ. ಗಾಜಿಗೆ ಬೆಳಕು ಹಿಂದಿನಿಂದ ಬರಬೇಕು.

ನಾನು ಮಾಡುವುದು ಇಷ್ಟು. ನೇರ ಬಿಸಿಲು ಬೀಳದ ಕಿಟಕಿಗೆ ಒಂದು ದೊಡ್ಡ ಬಟರ್ ಪೇಪರ್ ಅಂಟಿಸುತ್ತೇನೆ. ಅದರಿಂದ ಒಂದೂವರೆ ಅಡಿ ಈಚೆ ಗ್ಲಾಸ್ ಇಡುತ್ತೇನೆ. ರೂಮಿನ ದೀಪ ಎಲ್ಲಾ ಆರಿಸಬೇಕು, ಇದನ್ನು ಮರೆಯುವವರೇ ಜಾಸ್ತಿ. ಈಗ ಗ್ಲಾಸಿನ ಹಿಂದೆಲ್ಲಾ ಬೆಳ್ಳಗಿರುತ್ತದೆ, ಆದರೆ ಗ್ಲಾಸಿನ ಅಂಚು ಅದರೊಳಗೆ ಕರಗಿಹೋಗಿರುತ್ತದೆ. ಅದಕ್ಕೆ ಗ್ಲಾಸಿನ ಎರಡೂ ಪಕ್ಕ, ಫ್ರೇಮಿಗೆ ಸಿಗದ ಹಾಗೆ, ಮಕ್ಕಳ ಪ್ರಾಜೆಕ್ಟಿಗೆ ತರುವ ಕಪ್ಪು ಚಾರ್ಟ್ ಕಾಗದ ನಿಲ್ಲಿಸಿ. ಗಾಜಿನ ಅಂಚು ಆ ಕಪ್ಪನ್ನು ಹಿಡಿದುಕೊಂಡು ಪೆನ್ಸಿಲ್‌ನಲ್ಲಿ ಗೀಚಿದ ಹಾಗೆ ಗೆರೆ ಕೊಡುತ್ತದೆ. ಕಾಗದವನ್ನು ಒಂದೊಂದೇ ಇಂಚು ಹತ್ತಿರ ತನ್ನಿ, ಗೆರೆ ದಪ್ಪ ಆಗುವುದು ಕಣ್ಣೆದುರೇ ಕಾಣುತ್ತದೆ. ನನಗೆ ಈ ಆಟ ಇವತ್ತಿಗೂ ಬೇಜಾರಾಗಿಲ್ಲ.

ಇಷ್ಟಾದರೂ ವೈನ್ ಕಪ್ಪಗೇ ಇದೆಯಾ? ನೀರು ಬೆರೆಸಿ. ಹೌದು, ಪಾಪದ ಕೆಲಸವೇ. ಆದರೆ ಫೋಟೋಗೆ ಸಮಸಮ ನೀರು ಬೆರೆಸಿದರೆ ಮಾಣಿಕ್ಯದ ಬಣ್ಣ ಬರುತ್ತದೆ. ಬೆರೆಸದ ಬಾಟಲಿ ಆಮೇಲೆ ನಿಮ್ಮದೇ, ಯಾರೂ ಕೇಳಲ್ಲ. ಬಾಟಲಿಯ ಫೋಟೋ ಆದರೆ ಅದರ ಆಕಾರಕ್ಕಿಂತ ಸ್ವಲ್ಪ ಚಿಕ್ಕದಾಗಿ ಬಿಳಿ ಕಾಗದ ಕತ್ತರಿಸಿ ಹಿಂದೆ ನಿಲ್ಲಿಸಿ, ಮುಂದಿನಿಂದ ಗೊತ್ತಾಗಬಾರದು. ಗ್ಲಾಸನ್ನು ಬಿಸಿನೀರಲ್ಲಿ ತೊಳೆದು ಹಳೆ ಕಾಟನ್ ಪಂಚೆಯಲ್ಲಿ ಒರೆಸಿ, ಆಮೇಲೆ ಬುಡ ಬಿಟ್ಟು ಬೇರೆಲ್ಲೂ ಮುಟ್ಟಬೇಡಿ. ಬರಿಗಣ್ಣಿಗೆ ಕಾಣದ ಬೆರಳಚ್ಚು ಫೋಟೋದಲ್ಲಿ ಪೊಲೀಸ್ ದಾಖಲೆಯ ಹಾಗೆ ಎದ್ದು ಕಾಣುತ್ತದೆ.

ವೈನ್ ಗೊತ್ತಿದ್ದವರಿಗೆ ಇನ್ನೊಂದು ಫೋಟೋ ಇದೆ. ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದು ವೈನಿನ ಅಂಚನ್ನು ಮಾತ್ರ ಹತ್ತಿರದಿಂದ ತೆಗೆಯಿರಿ. ಹೊಸ ಕೆಂಪು ವೈನಿನ ಅಂಚು ನೇರಳೆ ಕಡೆಗಿರುತ್ತದೆ, ವಯಸ್ಸಾದ ಹಾಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಬಿಳಿ ವೈನ್ ಆದರೆ ಫ್ರಿಜ್‌ನಿಂದ ತೆಗೆದು ಸುರಿದ ಮೊದಲ ಎರಡು ಮೂರು ನಿಮಿಷದಲ್ಲಿ ಗಾಜಿನ ಮೇಲೆ ಮಂಜು ಕೂರುತ್ತದೆ, ಅಷ್ಟರಲ್ಲಿ ಮುಗಿಸಬೇಕು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಅಂತ ಹೇಳುತ್ತಾರಲ್ಲ, ಅದು ಯೂರೋಪಿನ ಚಳಿಯ ಕೋಣೆ. ನಮ್ಮ ಏಪ್ರಿಲ್ ಕೋಣೆಗೆ ಆ ಮಾತು ನಡೆಯಲ್ಲ. 20 ನಿಮಿಷ ಫ್ರಿಜ್‌ನಲ್ಲಿಟ್ಟು ಕುಡಿದು ನೋಡಿ.

ತೋಟಕ್ಕೆ ಹೋಗಬೇಕೆಂದರೆ ಬೆಂಗಳೂರಿನವರಿಗೆ ದೂರವೇನಿಲ್ಲ. ನಂದಿ ಬೆಟ್ಟದ ಬುಡ, ದೊಡ್ಡಬಳ್ಳಾಪುರದ ಕಡೆ ಗ್ರೋವರ್ ಕಂಪನಿಯವರು ಫ್ರೆಂಚ್ ತಳಿಯ ದ್ರಾಕ್ಷಿ ಹಾಕಿ 1992ರಿಂದ ವೈನ್ ಮಾಡುತ್ತಿದ್ದಾರೆ. ಅದೇ ಕಡೆ, ಚಿಕ್ಕಬಳ್ಳಾಪುರದ ತನಕ, ನಾವು ಚಿಕ್ಕಂದಿನಿಂದ ಸಿಪ್ಪೆ ಉಗಿದು ತಿಂದ ಬೆಂಗಳೂರು ಬ್ಲೂ ದ್ರಾಕ್ಷಿಯ ಚಪ್ಪರಗಳೂ ಇವೆ. ಎರಡರ ವ್ಯತ್ಯಾಸ ಗೊತ್ತಿದ್ದರೆ ಫೋಟೋನೂ ಬೇರೆ ಬರುತ್ತದೆ. ವೈನ್ ದ್ರಾಕ್ಷಿ ಚಿಕ್ಕದು, ಸಿಪ್ಪೆ ದಪ್ಪ, ತಿನ್ನೋಕೆ ಹೋದರೆ ಬೀಜವೇ ಜಾಸ್ತಿ, ತಂತಿಗೆ ಕಟ್ಟಿದ ಸಾಲಿನಲ್ಲಿ ಬೆಳೆಯುತ್ತದೆ, ಹಾಗಾಗಿ ಪಕ್ಕದಿಂದ ತೆಗೆಯಬೇಕು. ಬ್ಲೂ ಚಪ್ಪರದಲ್ಲಿ ತಲೆ ಮೇಲೆ ತೂಗುತ್ತಿರುತ್ತದೆ, ಕೆಳಗೆ ಕೂತು ಮೇಲಕ್ಕೆ ನೋಡಿದರೆ ಎಲೆಗಳ ಮೂಲಕ ಸೋಸಿಕೊಂಡು ಬರುವ ಬೆಳಕಿದೆಯಲ್ಲ, ಅದು ಯಾವ ಸ್ಟುಡಿಯೋದಲ್ಲೂ ಸಿಗಲ್ಲ.

ಮೊದಲ ಸಲ ಒಂದು ತೋಟಕ್ಕೆ ಫೆಬ್ರವರಿಯಲ್ಲಿ ಎಂಟು ಗಂಟೆಗೆ ಹೋಗಿ, ಬೇಗ ಬಂದೆ ಅಂತ ಬೀಗುತ್ತಿದ್ದೆ. ಅಲ್ಲಿದ್ದ ಮೇಸ್ತ್ರಿ, "ಸಾರ್, ನಾವು ಬೆಳಕು ಹರಿಯೋ ಮುಂಚೆ ಶುರು ಮಾಡ್ತೀವಿ, ಬಿಸಿಲು ಏರಿದ ಮೇಲೆ ಹಣ್ಣು ಕೀಳಲ್ಲ" ಅಂದರು. ಕ್ರೇಟುಗಳು ಆಗಲೇ ತುಂಬಿದ್ದವು. ಕೊಯ್ಲಿನ ಸಮಯ ಮೊದಲೇ ಕೇಳಿ ಹೋಗಿ. ಇನ್ನೊಂದು, ಹಣ್ಣಿನ ಮೇಲೆ ಬೂದಿ ಹಚ್ಚಿದ ಹಾಗೆ ಬಿಳಿ ಪೊರೆ ಇರುತ್ತದೆ, ಅದು ಧೂಳಲ್ಲ, ದ್ರಾಕ್ಷಿಯದೇ ಮೇಣ. ಚೆನ್ನಾಗಿ ಕಾಣಲಿ ಅಂತ ಒರೆಸಿದರೆ ಚೆಂದವೇ ಹೋಯಿತು. ಮತ್ತೆ, ರುಚಿ ನೋಡುವ ಕೋಣೆಗೆ ಕೊನೆಯಲ್ಲಿ ಹೋಗಿ. ಫೋಟೋ ಮುಗಿದಿರಬೇಕು, ಕಾರು ಬೇರೆಯವರು ಓಡಿಸಬೇಕು.

ಕರೆಯ ಪಕ್ಕ ನಿಂತಾಗ

ಆಟದ ಫೋಟೋ ಅಂದರೆ ಎಲ್ಲರೂ ಸ್ಟೇಡಿಯಂ ಅಂದುಕೊಳ್ಳುತ್ತಾರೆ. ಟಿಕೆಟ್ ತಗೊಂಡು ಹೋದರೆ ಕ್ಯಾಮೆರಾ ಗೇಟಿನಲ್ಲೇ ನಿಲ್ಲುತ್ತದೆ, ಆ ಆಸೆ ಬಿಡಿ. ಕೈ ಪಳಗಲು ನಿಮ್ಮ ಏರಿಯಾ ಮೈದಾನದ ಟೆನಿಸ್ ಬಾಲ್ ಕ್ರಿಕೆಟ್ ಸಾಕು. ಭಾನುವಾರ ಬೆಳಿಗ್ಗೆ ಹೋಗಿ ಬೌಂಡರಿ ಹತ್ತಿರ ನೆಲಕ್ಕೆ ಕೂತು ಒಬ್ಬ ಬೌಲರನ್ನೇ ಆರು ಬಾಲ್ ಹಿಂಬಾಲಿಸಿ. ನಿಂತು ತೆಗೆದರೆ ಹಿಂದೆ ಕಾಂಪೌಂಡು, ಬೈಕು ಎಲ್ಲಾ ಬರುತ್ತವೆ. ಕೂತರೆ ಆಟಗಾರ ಆಕಾಶಕ್ಕೆ ಎದ್ದು ನಿಲ್ಲುತ್ತಾನೆ.

ಆದರೆ ನನ್ನ ಆಟ ಕಂಬಳ. ಬಯಲುಸೀಮೆಯವನಾದ ನನಗೆ ಅದರ ರುಚಿ ಹತ್ತಿಸಿದ್ದು ಮೂಡುಬಿದಿರೆ ಕಡೆಯ ಒಬ್ಬ ಗೆಳೆಯ. ನವೆಂಬರ್‌ನಿಂದ ಮಾರ್ಚ್ ಸುಮಾರಿಗೆ ದಕ್ಷಿಣ ಕನ್ನಡ, ಉಡುಪಿಯಲ್ಲಿ ವಾರದ ಕೊನೆಗೆ ಒಂದಲ್ಲ ಒಂದು ಕಡೆ ನಡೆಯುತ್ತದೆ. ಬೆಳಿಗ್ಗೆ ಶುರುವಾದದ್ದು ರಾತ್ರಿಯಿಡೀ ನಡೆದು ಮರುದಿನಕ್ಕೆ ಮುಗಿಯುವುದೂ ಉಂಟು. ಕೆಸರು ಗದ್ದೆಯ ಓಟದ ಹಾದಿಗೆ ಕರೆ ಅನ್ನುತ್ತಾರೆ. ಓಟ ಶುರುವಾಗುವ ತುದಿ ಗಂತು, ಮುಗಿಯುವ ತುದಿ ಮಂಜೊಟ್ಟಿ. ಈ ಮೂರು ಮಾತು ಗೊತ್ತಿದ್ದರೆ ಅಲ್ಲಿ ಯಾರನ್ನಾದರೂ ದಾರಿ ಕೇಳಬಹುದು.

ಶಟರ್ ವೇಗ ಎಷ್ಟಿಡಬೇಕು? ಇದಕ್ಕೆ ಒಂದು ಲೆಕ್ಕ ಇದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನೆನಪಿದೆಯಲ್ಲ, ದೇಶವೆಲ್ಲಾ ಸುದ್ದಿಯಾಗಿತ್ತು. ಅಂದರೆ ಸೆಕೆಂಡಿಗೆ ಹತ್ತೂವರೆ ಮೀಟರ್ ಹತ್ತಿರ. 1/1000 ಸೆಕೆಂಡು ಇಟ್ಟರೆ ಶಟರ್ ತೆರೆದು ಮುಚ್ಚುವುದರೊಳಗೆ ಕೋಣ ಒಂದು ಸೆಂಟಿಮೀಟರ್ ಸರಿದಿರುತ್ತದೆ, ಪರವಾಗಿಲ್ಲ, ಮುಖ ಸ್ಪಷ್ಟ ಬರುತ್ತದೆ. 1/60 ಇಟ್ಟರೆ 17 ಸೆಂಟಿಮೀಟರ್, ಒಂದು ಗೇಣಿಗೆ ಹತ್ತಿರ, ಎಲ್ಲಾ ಕಲಸಿಹೋಗುತ್ತದೆ. ಬೇಕಂತಲೇ ಹಾಗೆ ಮಾಡಬೇಕಾದರೆ ಕರೆಗೆ ನೇರ ಪಕ್ಕದಲ್ಲಿ ನಿಂತು ಕೋಣದ ಕಣ್ಣಿನ ಮೇಲೆ ಫೋಕಸ್ ಇಟ್ಟು ಸೊಂಟದಿಂದ ಮೇಲಕ್ಕೆ ಇಡೀ ಮೈಯನ್ನೇ ಅದರ ಜೊತೆ ತಿರುಗಿಸುತ್ತಾ ಕ್ಲಿಕ್ ಮಾಡಿ. ಕೋಣ ನಿಲ್ಲುತ್ತದೆ, ಜನ ಎಲ್ಲಾ ಗೆರೆಗಳಾಗುತ್ತಾರೆ. ಹತ್ತರಲ್ಲಿ ಒಂಬತ್ತು ಹಾಳಾಗುತ್ತವೆ. ನನಗೂ ಹಾಗೇ.

ಕೋಣ ಕಪ್ಪು, ಒದ್ದೆಯಾದ ಕೋಣ ಇನ್ನೂ ಕಪ್ಪು. ಕ್ಯಾಮೆರಾ ಅದನ್ನು ನೋಡಿ "ಕತ್ತಲೆ ಇದೆ" ಅಂದುಕೊಂಡು ಬೆಳಕು ಜಾಸ್ತಿ ಮಾಡುತ್ತದೆ. ಆಗ ಕೋಣ ಬೂದಿ ಬಣ್ಣಕ್ಕೆ ಬರುತ್ತದೆ, ಚಿಮ್ಮಿದ ನೀರು ಸುಟ್ಟು ಬೆಳ್ಳಗಾಗುತ್ತದೆ. ಎಕ್ಸ್‌ಪೋಷರನ್ನು ಮೈನಸ್ 0.7ಕ್ಕೆ ಇಳಿಸಿ ಮರೆತುಬಿಡಿ.

ನೇಗಿಲು, ಹಗ್ಗ, ಅಡ್ಡ ಹಲಗೆ, ಕೆನೆ ಹಲಗೆ ಅಂತ ಬೇರೆ ಬೇರೆ ವಿಭಾಗಗಳಿವೆ. ನೇಗಿಲು, ಹಗ್ಗದಲ್ಲಿ ವೇಗವೇ ಮುಖ್ಯ, ಹಾಗಾಗಿ ಮಂಜೊಟ್ಟಿ ಕಡೆ ನಿಂತು ಎದುರಿನಿಂದ ಓರೆಯಾಗಿ ತೆಗೆಯಿರಿ. ಓಡಿಸುವವರ ಮುಖದ ಸ್ನಾಯುಗಳು, ಕೋಣದ ಮೂಗಿನ ಹೊಳ್ಳೆ ಎರಡೂ ಒಂದೇ ಫ್ರೇಮಿಗೆ ಸಿಗುತ್ತವೆ. ಕೆನೆ ಹಲಗೆಯ ಆಟ ಬೇರೆ. ಓಡಿಸುವವರು ತೂತುಗಳಿರುವ ಹಲಗೆಯ ಮೇಲೆ ನಿಂತಿರುತ್ತಾರೆ, ಕೋಣ ಎಳೆದಾಗ ಆ ತೂತಿನಿಂದ ನೀರು ಬಾಣದ ಹಾಗೆ ಮೇಲಕ್ಕೆ ಚಿಮ್ಮುತ್ತದೆ, ಮೇಲೆ ಕಟ್ಟಿದ ನಿಶಾನೆ ಬಟ್ಟೆಗೆ ಅದು ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಅಂತ ಎತ್ತರ. ಹೊಸಬರು ಇಲ್ಲಿ ತಪ್ಪುವುದು ಎಲ್ಲಿ ಗೊತ್ತಾ? ಕೋಣದ ಹಿಂದೆ ಬಿದ್ದು ನಿಶಾನೆಯನ್ನು ಫ್ರೇಮಿನಿಂದ ಹೊರಗೆ ಬಿಡುತ್ತಾರೆ. ಕ್ಯಾಮೆರಾ ಉದ್ದಕ್ಕೆ ತಿರುಗಿಸಿ, ನಿಶಾನೆಯನ್ನು ಮೇಲೆ ಇಟ್ಟುಕೊಂಡು ಕಾಯಿರಿ. ನೀರು ಅಲ್ಲಿಗೇ ಬರುತ್ತದೆ. 1/2000 ಇಟ್ಟರೆ ಹನಿ ಹನಿಯೂ ಬಿಡಿಬಿಡಿ ನಿಲ್ಲುತ್ತದೆ, ಸಂಜೆ ಬಿಸಿಲು ಹಿಂದಿನಿಂದ ಬಿದ್ದಿದ್ದರಂತೂ ಕೇಳಬೇಡಿ.

ನಿಲ್ಲುವ ಜಾಗ ಮಾತ್ರ ಕೇಳಿಯೇ ನಿಲ್ಲಿ. ಮಂಜೊಟ್ಟಿಗೆ ಬಂದ ಕೋಣ ಬ್ರೇಕ್ ಹಾಕಿದ ಹಾಗೆ ನಿಲ್ಲಲ್ಲ. ಮೊದಲ ವರ್ಷ ನಾನು ವ್ಯೂಫೈಂಡರಿನಲ್ಲಿ ಮುಳುಗಿ ನಿಂತಿದ್ದಾಗ ಹಿಂದಿನಿಂದ ಯಾರೋ ಅಂಗಿ ಹಿಡಿದು ಎಳೆದು, "ಮಾರಾಯ್ರೇ, ಫೋಟೋ ಬೇಕಾ ಪ್ರಾಣ ಬೇಕಾ?" ಅಂದರು. ವ್ಯೂಫೈಂಡರಿನಲ್ಲೇ ಕಣ್ಣಿಟ್ಟವರಿಗೆ ಕೋಣ ನಿಜಕ್ಕೂ ಎಷ್ಟು ಹತ್ತಿರ ಬಂದಿದೆ ಅಂತ ಗೊತ್ತಾಗಲ್ಲ. ಕೆಸರು ಹೇಗೂ ಬೀಳುತ್ತದೆ. ಲೆನ್ಸ್ ಮುಂದೆ ಒಂದು ಯುವಿ ಫಿಲ್ಟರ್ ಹಾಕಿ, ಕೆಸರು ಬಿದ್ದ ಕೂಡಲೇ ಬಟ್ಟೆಯಲ್ಲಿ ಉಜ್ಜಬೇಡಿ, ಮರಳಿನ ಕಣ ಗೀರುತ್ತದೆ. ಒಣಗಲಿ, ಊದಿ, ಆಮೇಲೆ ಒರೆಸಿ.

ಇನ್ನು ಕೋಣಕ್ಕೆ ಹೊಡೆಯುವ ಬೆತ್ತದ ವಿಷಯ. ಇದು ಪ್ರಾಣಿಹಿಂಸೆ ಅಂತ ಕಂಬಳದ ಮೇಲೆ ಕೋರ್ಟಿನಲ್ಲಿ ವರ್ಷಗಟ್ಟಲೆ ವಾದ ನಡೆದು, 2023ರ ಮೇನಲ್ಲಿ ಸುಪ್ರೀಂ ಕೋರ್ಟ್ ಕಂಬಳಕ್ಕೆ ಅವಕಾಶ ಕೊಡುವ ರಾಜ್ಯದ ತಿದ್ದುಪಡಿ ಕಾನೂನನ್ನು ಎತ್ತಿಹಿಡಿಯಿತು. ನಾನು ಕಂಬಳದ ಪ್ರೇಮಿ, ಆದರೂ ಹೊಡೆತ ಕಂಡರೆ ಅದನ್ನೂ ತೆಗೆಯುತ್ತೇನೆ. ಕೋಣಕ್ಕೆ ಎಣ್ಣೆ ತಿಕ್ಕಿ ಮೈ ನೀವುವುದನ್ನೂ ತೆಗೆಯುತ್ತೇನೆ. ಇಷ್ಟ ಅಂತ ಒಂದನ್ನು ಮುಚ್ಚಿಟ್ಟರೆ ಅದು ಮದುವೆ ಆಲ್ಬಂ ಆಗುತ್ತದೆ.

ಕಛೇರಿಯಲ್ಲಿ ಸದ್ದಿಲ್ಲದೆ

ಇಲ್ಲಿ ನನ್ನ ಮಾನ ಹೋದ ಕಥೆಯಿಂದಲೇ ಶುರು ಮಾಡುತ್ತೇನೆ. ವರ್ಷಗಳ ಹಿಂದೆ, ಹಳೆಯ ಡಿಎಸ್‌ಎಲ್‌ಆರ್ ಹಿಡಿದು ಒಂದು ಕಛೇರಿಯ ಮೊದಲ ಸಾಲಿನಲ್ಲಿ ಕೂತಿದ್ದೆ. ಆಲಾಪನೆ ಕೆಳಗಿಳಿದು ಮಂದ್ರ ಷಡ್ಜದಲ್ಲಿ ನಿಂತಿತ್ತು. ತಂಬೂರಿ ಬಿಟ್ಟರೆ ಇಡೀ ಹಾಲ್‌ನಲ್ಲಿ ಉಸಿರಿಲ್ಲ. ನಾನು ಕ್ಲಿಕ್ ಮಾಡಿದೆ. ಠಕ್! ವಿದ್ವಾಂಸರು ಒಂದೇ ಕಣ್ಣು ತೆರೆದು ನನ್ನ ಕಡೆ ನೋಡಿ ಮುಚ್ಚಿಕೊಂಡರು. ಆ ಫೋಟೋ ಇದೆ ನನ್ನ ಹತ್ತಿರ, ಯಾರಿಗೂ ತೋರಿಸಿಲ್ಲ.

ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸೈಲೆಂಟ್ ಶಟರ್ ಇದೆ, ಅದನ್ನೇ ಹಾಕಿ. ಆದರೆ ಅದರ ಜೊತೆ ಒಂದು ತೊಂದರೆ ಬರುತ್ತದೆ, ಫೋಟೋ ಮೇಲೆ ಅಡ್ಡಡ್ಡ ಪಟ್ಟಿಗಳು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ಕಣ್ಣಿಗೆ ಗೊತ್ತಾಗಲ್ಲ. ಶಟರನ್ನು 1/100 ಅಥವಾ 1/50ಕ್ಕೆ ಇಟ್ಟರೆ ಪೂರ್ತಿ ಮಿಣುಕು ಒಳಗೆ ಬಂದು ಪಟ್ಟಿ ಹೋಗುತ್ತದೆ. ವೇದಿಕೆ ಹಿಂದೆ ಪ್ರಾಯೋಜಕರ ಹೆಸರು ಹೊಳೆಯುವ ಎಲ್‌ಇಡಿ ಪರದೆ ಇದ್ದರೆ ಈ ಉಪಾಯವೂ ಸಾಲದು. ಅದು ಫ್ರೇಮಿಗೆ ಬರದ ಹಾಗೆ ಪಕ್ಕಕ್ಕೆ ಸರಿದುಕೊಳ್ಳುವುದೇ ಪರಿಹಾರ. ಫ್ಲಾಶ್ ಬಗ್ಗೆ ಬರೆಯುವುದೇ ಬೇಡ, ಹಾಕಬಾರದು, ಅಷ್ಟೇ.

ಮೈಕ್ ಇನ್ನೊಂದು ಶತ್ರು. ಗಾಯಕರ ಬಾಯಿಗೆ ಸರಿಯಾಗಿ ಕರಿ ಗುಂಡು. ಮೈಸೂರಿನ ಟಿ. ಚೌಡಯ್ಯನವರು ದೊಡ್ಡ ಸಭೆಯ ಕೊನೆಯವರಿಗೂ ಕೇಳಲಿ ಅಂತ ಪಿಟೀಲಿಗೆ ಏಳು ತಂತಿ ಹಾಕಿದವರು. ಮೈಕ್ ಇಲ್ಲದ ಆ ಕಾಲದ ಫೋಟೋಗ್ರಾಫರುಗಳ ಮೇಲೆ ನನಗೆ ಹೊಟ್ಟೆಕಿಚ್ಚು. ಈಗ ಮಾಡಬಹುದಾದ್ದು, ನಡುವೆ ಕೂರದೆ ಪಕ್ಕಕ್ಕೆ ಕೂರುವುದು. ಸಾಮಾನ್ಯವಾಗಿ ನಮ್ಮ ಎಡಕ್ಕೆ ಮೃದಂಗ, ಬಲಕ್ಕೆ ಪಿಟೀಲು, ಇಬ್ಬರೂ ಮಧ್ಯಕ್ಕೆ ಮುಖ ಮಾಡಿರುತ್ತಾರೆ. ಹಾಗಾಗಿ ಹಾಲ್‌ನ ಬಲಗಡೆ ಕೂತರೆ ಮೃದಂಗದವರ ಮುಖ, ಎಡಗಡೆ ಕೂತರೆ ಪಿಟೀಲಿನವರ ಮುಖ. ಇದನ್ನು ಉಲ್ಟಾ ಮಾಡಿ ಬರೀ ಬೆನ್ನು ತೆಗೆದುಕೊಂಡು ಬಂದವರನ್ನು ನೋಡಿದ್ದೇನೆ.

ಕಛೇರಿಗೆ ಮುಕ್ಕಾಲು ಗಂಟೆ ಮೊದಲೇ ಹೋಗಿ. ಒಳ್ಳೆಯ ಫೋಟೋಗಳಲ್ಲಿ ಅರ್ಧ ಅಲ್ಲೇ ಇವೆ. ಮೃದಂಗದವರು ರವೆಯನ್ನು ನೀರಿನಲ್ಲಿ ಕಲಸಿ ಮೃದಂಗದ ಎಡಗಡೆ ಮುಖಕ್ಕೆ, ಅಂದರೆ ತೊಪ್ಪಿಗೆ, ಮೆತ್ತುತ್ತಾ, ತಟ್ಟಿ ಕೇಳುತ್ತಾ, ಇನ್ನೊಂದು ಚಿಟಿಕೆ ಸೇರಿಸುತ್ತಾರೆ. ಆಗ ಅವರ ಬೆರಳು ನೋಡಿ, ರೊಟ್ಟಿ ತಟ್ಟುವ ಅಜ್ಜಿಯ ಬೆರಳಿನಷ್ಟೇ ಸಲೀಸು. ತಂಬೂರಿಯ ತಂತಿ ಕೆಳಗೆ ನೂಲಿನ ಎಳೆಯನ್ನು ಕೂದಲಿನಷ್ಟು ಸರಿಸಿ ನಾದ ಹುಡುಕುವ ಹುಡುಗಿ, ಪಕ್ಕದಲ್ಲಿ ಫ್ಲಾಸ್ಕು, ಕನ್ನಡಕದ ಡಬ್ಬಿ. ಇವೆಲ್ಲಾ ಆಮೇಲೆ ಪರದೆ ಎದ್ದಾಗ ಸಿಗಲ್ಲ. ಕೇಳಿ ತೆಗೆಯಿರಿ, ಬೇಡ ಅನ್ನುವವರು ಕಡಿಮೆ.

1939ರಲ್ಲಿ ಶುರುವಾದ, ಬೆಂಗಳೂರಿನ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತೋತ್ಸವ ಕಲಿಯುವವರಿಗೆ ಒಳ್ಳೆ ಜಾಗ. ಚಪ್ಪರ ದೊಡ್ಡದು, ಪಕ್ಕದಲ್ಲಿ ಓಡಾಡಲು ಜಾಗ ಇದೆ, ದಿನಗಟ್ಟಲೆ ನಡೆಯುತ್ತದೆ. ಇವತ್ತು ತಪ್ಪಿದ್ದನ್ನು ನಾಳೆ ತಿದ್ದಬಹುದು. ಅನುಮತಿ ಕೇಳಿದ ಮೇಲೂ ಒಂದು ಜಾಗದಲ್ಲಿ ಕೂತು ಮೊದಲ ಎರಡು ಕೀರ್ತನೆ ಸುಮ್ನೆ ಕೇಳಿ. ಗಾಯಕರಿಗೆ ಒಂದು ಚಾಳಿ ಇದ್ದೇ ಇರುತ್ತದೆ. ಒಬ್ಬರು ಮೇಲಿನ ಷಡ್ಜಕ್ಕೆ ಹೋದಾಗಲೆಲ್ಲಾ ಎಡಗೈ ಎತ್ತುತ್ತಾರೆ, ಇನ್ನೊಬ್ಬರು ಒಳ್ಳೆಯ ಸಂಗತಿ (ಒಂದೇ ಸಾಲನ್ನು ಬೇರೆ ಬೇರೆ ಥರ ಹಾಡುವುದು) ಬಿದ್ದಾಗ ಪಿಟೀಲಿನವರ ಕಡೆ ತಿರುಗಿ ಹುಬ್ಬು ಹಾರಿಸುತ್ತಾರೆ. ಅದು ಮತ್ತೆ ಬರುತ್ತದೆ, ಕ್ಯಾಮೆರಾ ಅಲ್ಲಿಗೆ ತಯಾರಿರಲಿ. ಹಿಂದೆ ಕಪ್ಪು ಪರದೆ ಇದ್ದರೆ ಬೆಳಕಿನ ಅಳತೆಯನ್ನು ಮುಖದ ಮೇಲೆ ಮಾತ್ರ ತೆಗೆದುಕೊಳ್ಳಿ, ಇಲ್ಲದಿದ್ದರೆ ಮುಖ ಸುಣ್ಣ ಬಳಿದ ಹಾಗಾಗುತ್ತದೆ.

ಇನ್ನು ತನಿ ಆವರ್ತನ, ಅಂದರೆ ಲಯವಾದ್ಯದವರು ಮಾತ್ರ ನುಡಿಸುವ ಭಾಗ. ಮೃದಂಗ, ಘಟ ಶುರುವಾಗುತ್ತಿದ್ದ ಹಾಗೆ ನಮ್ಮ ಜನ ಕಾಫಿಗೆ ಏಳುತ್ತಾರೆ. ಲಯದವರಿಗೆ ಅವಮಾನ, ಆದರೆ ಫೋಟೋಗ್ರಾಫರಿಗೆ ಜಾಗ ಬದಲಿಸಲು ಅದೊಂದೇ ಹೊತ್ತು. ಎಲ್ಲರೂ ಓಡಾಡುವಾಗ ನೀವೂ ಮುಂದಕ್ಕೆ ಸರಿದುಕೊಳ್ಳಿ. ಶಟರ್ 1/100ರಲ್ಲೇ ಇರಲಿ, ಮುಖ ನಿಲ್ಲುತ್ತದೆ, ಬೆರಳು ಹೊಗೆಯಾಗುತ್ತದೆ. ಬೆರಳು ಪೂರ್ತಿ ನಿಂತುಬಿಟ್ಟರೆ ಕೈ ಮೃದಂಗದ ಮೇಲೆ ಸುಮ್ನೆ ಇಟ್ಟ ಹಾಗೆ ಕಾಣುತ್ತದೆ. ಆಮೇಲೆ ತೊಡೆಯ ಮೇಲೆ ತಾಳ ಹಾಕುತ್ತಿರಿ. ಆದಿತಾಳ ಆದರೆ ಎಂಟು ಎಣಿಕೆ, ಅಷ್ಟು ಬಂದರೆ ಸಾಕು. ಕೊನೆಯ ಮುಕ್ತಾಯ ಮೂರು ಸಲ ಬರುತ್ತದೆ. ಮೊದಲನೆಯದನ್ನು ಕೇಳಿ. ಎರಡನೆಯದಕ್ಕೆ ಫೋಕಸ್ ಮಾಡಿ, ಗಾಯಕ, ಪಿಟೀಲು, ಮೃದಂಗ ಮೂವರೂ ಫ್ರೇಮಿನಲ್ಲಿರಲಿ. ಮೂರನೆಯದು ಮುಗಿದು ಪಲ್ಲವಿ ಎತ್ತುವ ಜಾಗಕ್ಕೆ ಬಂದು ಬೀಳುತ್ತದಲ್ಲ, ಆ ಕ್ಷಣ ಎಲ್ಲರ ಕಣ್ಣೂ ಒಬ್ಬರಿಗೊಬ್ಬರು ಸೇರುತ್ತದೆ, ಎಂಥ ಬಿಗುಮಾನದವರೂ ನಕ್ಕುಬಿಡುತ್ತಾರೆ. ಅಲ್ಲಿ ಒತ್ತಿ. ಚಪ್ಪಾಳೆ ಕೇಳಿದ ಮೇಲೆ ಒತ್ತಿದರೆ ತಡವಾಯಿತು, ಆಗ ಎಲ್ಲರೂ ಟವೆಲ್ ಹುಡುಕುತ್ತಿರುತ್ತಾರೆ.

ತೆಗೆದ ಮೇಲೆ

ಒಂದು ಸಂಜೆಗೆ 400 ಫೋಟೋ ಆಗಿರುತ್ತದೆ. ಅವತ್ತೇ ಕೂತು ಆರಿಸಬೇಡಿ, ಎಲ್ಲಾ ಚೆನ್ನಾಗೇ ಕಾಣುತ್ತದೆ. ಎರಡು ದಿನ ಬಿಟ್ಟು ನೋಡಿ ಹತ್ತು ಇಟ್ಟುಕೊಳ್ಳಿ. ಅದರಲ್ಲಿ ಎರಡು ಮೂರನ್ನು 6x8 ಪ್ರಿಂಟ್ ಹಾಕಿಸಿ ಫೋಟೋದಲ್ಲಿರುವವರಿಗೇ ಕೊಟ್ಟುಬನ್ನಿ. ವಾಟ್ಸಾಪಿನಲ್ಲಿ ಕಳಿಸಿದ್ದು ಮರುದಿನ ಗುಡ್ ಮಾರ್ನಿಂಗ್ ಹೂವಿನ ಕೆಳಗೆ ಹೂತುಹೋಗುತ್ತದೆ. ಪ್ರಿಂಟ್ ಕೊಟ್ಟರೆ ಮುಂದಿನ ಸಲ ನಿಮಗೆ ಜಾಗ ಅವರೇ ಹಿಡಿದಿಡುತ್ತಾರೆ. ಮೃದಂಗದ ವಿದ್ವಾಂಸರೊಬ್ಬರು ರವೆ ಕಲಸುವ ಫೋಟೋವನ್ನು ಮೃದಂಗದ ಚೀಲದ ಜೇಬಿನಲ್ಲೇ ಇಟ್ಟುಕೊಂಡಿದ್ದಾರೆ.

ಕಂಬಳದ ಕೋಣದ ಯಜಮಾನರೊಬ್ಬರಿಗೆ ಹಾಗೇ ಒಂದು ಕೊಟ್ಟೆ. ಅವರು ಕೋಣದ ಹಗ್ಗ ಹಿಡಿದು ನಗುತ್ತಾ ನಿಂತಿದ್ದ ಫೋಟೋ, ಬೆಳಕೂ ಚೆನ್ನಾಗಿ ಬಿದ್ದಿತ್ತು, ನನಗೆ ಹೆಮ್ಮೆ. ಅವರು ತುಂಬಾ ಹೊತ್ತು ನೋಡಿದರು. ಆಮೇಲೆ ಹೇಳಿದರು, "ಒಳ್ಳೇದು ಬಂದಿದೆ. ಆದ್ರೆ ನಾನು ಯಾಕೆ ಇದ್ರಲ್ಲಿ? ಅವನ ಕೊಂಬು ಒಂದು ಬದಿ ಕಟ್ಟಾಗಿದೆ ನೋಡಿ." ಮರುವಾರ ಕೋಣದ್ದೇ ಬೇರೆ ಪ್ರಿಂಟ್ ಹಾಕಿಸಿ ಕಳಿಸಿದೆ, ಎರಡು ಕೊಂಬೂ ಸೇರಿಸಿ.